ಎಂಬತ್ತು ಬಾಲಗಳ ಸಭಾಂಗಣ: ವಿಆರ್‌ಚಾಟ್‌ನ ಪ್ರಾಣಿರೂಪಿ ಕಲಾಮೇಳಗಳ ವಿಮರ್ಶೆ

ನಿಮ್ಮ ಬೆರಳು ಎದುರು ನಿಂತ ನರಿಯ ಮೂಗಿನತ್ತ ಹೋಗುತ್ತಿದೆ. ಇನ್ನೂ ಗೇಣು ದೂರ ಇರುವಾಗಲೇ ಅದರ ಕಿವಿಗಳು ಹಿಂದಕ್ಕೆ ವಾಲತೊಡಗುತ್ತವೆ. ಬೆರಳು ಹತ್ತಿರವಾದಷ್ಟೂ ಕಿವಿ ಇನ್ನಷ್ಟು ಮಡಚಿಕೊಳ್ಳುತ್ತದೆ, ಮುಟ್ಟಿದ ಕ್ಷಣಕ್ಕೆ ಕಣ್ಣು ಮುಚ್ಚಿ ಮೂತಿ ಸುಕ್ಕಾಗುತ್ತದೆ. ನರಿಯ ವೇಷದಲ್ಲಿರುವವರು ಇನ್ನೊಂದು ಖಂಡದಲ್ಲಿ ಹೆಡ್‌ಸೆಟ್ ಹಾಕಿಕೊಂಡು ನಿಂತಿರಬಹುದು. ಅವರು ಯಾವ ಗುಂಡಿಯನ್ನೂ ಒತ್ತಿಲ್ಲ. ಇಷ್ಟು ಚಿಕ್ಕ ವಿಷಯ ಸರಿಯಾಗಿ ನಡೆದರೆ ಇಡೀ ಮೇಳ ಜೀವಂತವಾಗುತ್ತದೆ. ಇದು ತಡವರಿಸಿದರೆ ಸುತ್ತಲಿನ ಬೆಳಕು, ಸಂಗೀತ, ಸಮುದ್ರದಡಿಯ ಅರಮನೆ ಯಾವುದೂ ಆ ಕೊರತೆಯನ್ನು ತುಂಬುವುದಿಲ್ಲ.

ವಿಆರ್‌ಚಾಟ್ ಎಂದರೆ ದೂರದೂರದ ಜನ ವೇಷ ತೊಟ್ಟು ಒಂದೇ ಕಾಲ್ಪನಿಕ ಲೋಕದಲ್ಲಿ ಸೇರುವ ಅಂತರ್ಜಾಲ ಸೇವೆ; 2017ರ ಫೆಬ್ರವರಿಯಲ್ಲಿ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆಗೆ ಬಂತು. ಅದರೊಳಗಿನ ಲೋಕಗಳನ್ನೂ ವೇಷಗಳನ್ನೂ ಬಹುಪಾಲು ಬಳಕೆದಾರರೇ ಕಟ್ಟುತ್ತಾರೆ. ಮನುಷ್ಯರಂತೆ ನಿಂತು, ನಡೆದು, ಮಾತಾಡುವ ಪ್ರಾಣಿಪಾತ್ರಗಳನ್ನು ಪ್ರೀತಿಸುವವರು ಇಲ್ಲಿ ಬಹಳ ಮಂದಿ. ಅವರದೇ ಮೇಳ ಫ್ಯುರಾಲಿಟಿ 2020ರಲ್ಲಿ ಶುರುವಾಯಿತು. ಆಕ್ವಾ (2022), ಸಿಲ್ವಾ (2023), ಅಂಬ್ರಾ (2024), ಸೋಮ್ನಾ (2025) ಎಂದು ಪ್ರತಿ ಆವೃತ್ತಿಗೂ ಒಂದೊಂದು ಹೆಸರಿಟ್ಟು, ಅದಕ್ಕೆ ತಕ್ಕ ಹೊಸ ಲೋಕಗಳನ್ನೇ ಕಟ್ಟುತ್ತಾರೆ. ಇದಲ್ಲದೆ ಸಣ್ಣ ಗುಂಪುಗಳು ನಡೆಸುವ ಕುಣಿತದ ಕೂಟಗಳು, ಕಲಾಪ್ರದರ್ಶನಗಳು ಇದ್ದೇ ಇವೆ. ಈ ವಿಮರ್ಶೆ ಯಾವುದೋ ಒಂದು ಮೇಳದ್ದಲ್ಲ. ಇಂಥ ಮೇಳಗಳನ್ನು ಹೊತ್ತು ನಿಂತಿರುವ ವಿಆರ್‌ಚಾಟ್ ಎಂಬ ವೇದಿಕೆ ಈ ಕೆಲಸಕ್ಕೆ ಎಷ್ಟು ಚೆನ್ನಾಗಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ, ಹೋಗುವವರು ಏನು ಸಿದ್ಧಮಾಡಿಕೊಂಡಿರಬೇಕು ಎಂಬುದು ಇಲ್ಲಿನ ವಿಷಯ.

ಫ್ರಾನ್ಸ್‌ನ ನಾಂಟ್ ನಗರದಲ್ಲಿ 2007ರಿಂದ ಓಡಾಡುತ್ತಿರುವ 12 ಮೀಟರ್ ಎತ್ತರದ ಯಂತ್ರದಾನೆಯ ಬೆನ್ನೇರಿ ಕೂರುವುದೂ ತಂತ್ರಜ್ಞಾನ ಮತ್ತು ಪ್ರಾಣಿರೂಪ ಕೂಡಿದ ಅದ್ಭುತವೇ. ಆದರೆ ಅಲ್ಲಿ ನೀವು ಪ್ರಯಾಣಿಕರು. ಇಲ್ಲಿ ನೀವೇ ಆನೆ. ಅವತಾರ ಎಂಬ ಪದವನ್ನು ಕಂಪ್ಯೂಟರ್ ಲೋಕ ನಮ್ಮ ಕಡೆಯಿಂದಲೇ ಎರವಲು ಪಡೆದದ್ದು. ಮೀನು, ಆಮೆ, ಹಂದಿ, ಅರ್ಧ ಸಿಂಹ ಎಲ್ಲವೂ ಆ ಪದದೊಳಗೆ ಮೊದಲಿಂದಲೇ ಇವೆ. ಹಾಗಾಗಿ ತೊಡುವ ವೇಷವನ್ನು ಈ ಬರಹದಲ್ಲಿ ಅವತಾರ ಎಂದೇ ಕರೆಯೋಣ.

ಮುಟ್ಟಿದರೆ ಸ್ಪಂದಿಸುವ ಮೈ

ಮೊದಲು ನರಿಯ ಮೂಗು. ವಿಆರ್‌ಚಾಟ್‌ನಲ್ಲಿ ಇದನ್ನು ಮಾಡಲು ಕಾಂಟ್ಯಾಕ್ಟ್ ಎಂಬ ಸೌಲಭ್ಯ ಇದೆ. ಪ್ರತಿ ಅವತಾರದ ಬೆರಳು, ಅಂಗೈ, ತಲೆ, ಪಾದಗಳಲ್ಲಿ ಕಳುಹಿಸುವ ಬಿಂದುಗಳು ತಾವಾಗಿಯೇ ಇರುತ್ತವೆ. ಮೂಗಿನ ಮೇಲೆ ಗ್ರಹಿಸುವ ಗೋಳವೊಂದನ್ನು ನಾವು ಇಡಬೇಕು. ಅದಕ್ಕೆ ಮೂರು ಬಗೆ: ಒಳಗಿರುವಷ್ಟು ಹೊತ್ತೂ ಸಂಕೇತ ಕೊಡುವುದು, ಒಳಬಂದ ಕ್ಷಣ ಮಾತ್ರ ಕೊಡುವುದು, ಮತ್ತು ದೂರವನ್ನು 0ರಿಂದ 1ರವರೆಗಿನ ಅಂಕಿಯಾಗಿ ಅಳೆದು ಕೊಡುವುದು. ಚೆನ್ನಾಗಿ ಮಾಡಿದ ಅವತಾರದಲ್ಲಿ ಎರಡು ಗೋಳ ಇರುತ್ತವೆ. ಹೊರಗಿನದು ಸುಮಾರು 20 ಸೆಂಟಿಮೀಟರ್ ತ್ರಿಜ್ಯದ್ದು, ಅಳೆಯುವ ಬಗೆಯದು. ಅದರ ಅಂಕಿ ಏರಿದಂತೆ ಕಿವಿ ಬಾಗುತ್ತದೆ. ಒಳಗಿನದು 3 ಸೆಂಟಿಮೀಟರ್‌ನದು. ಬೆರಳು ಅದಕ್ಕೆ ತಾಗಿದರೆ ಕಣ್ಣು ಮುಚ್ಚುತ್ತದೆ. ಒಂದೇ ಗೋಳ ಇಟ್ಟು ಮುಟ್ಟಿದಾಗ ಮಾತ್ರ ಕಣ್ಣು ಮುಚ್ಚುವಂತೆ ಮಾಡಿದರೆ ಅದು ಕರೆಗಂಟೆ ಒತ್ತಿದಂತೆ ಕಾಣುತ್ತದೆ. ಜೀವವಿರುವ ಪ್ರಾಣಿ ಮುಟ್ಟುವ ಮೊದಲೇ ಬೆದರುತ್ತದೆ ಅಥವಾ ಮುಂದೆ ಬರುತ್ತದೆ. ಆ ಮೊದಲಿನ ಅರೆಕ್ಷಣದಲ್ಲೇ ಇದರ ಕಲೆ ಇರುವುದು.

ಇದರ ಲೆಕ್ಕವನ್ನು ನೋಡುವ ಪ್ರತಿಯೊಬ್ಬರ ಯಂತ್ರವೂ ತಾನೇ ಮಾಡಿಕೊಳ್ಳುತ್ತದೆ. ನಿಮ್ಮ ಬೆರಳು ನಿಮ್ಮ ಪರದೆಯ ಮೇಲಿನ ಮೂಗನ್ನು ಮುಟ್ಟಿದಾಗ, ಅಂತರ್ಜಾಲದ ಸುದ್ದಿ ಬರಲಿ ಎಂದು ಕಾಯದೆ ನಿಮ್ಮ ಯಂತ್ರದಲ್ಲೇ ಕಿವಿ ಬಾಗುತ್ತದೆ. ನರಿಯಾದವರಿಗೆ ನಿಮ್ಮ ಬೆರಳು ಸ್ವಲ್ಪ ತಡವಾಗಿ ತಲುಪುತ್ತದೆ; ಆದರೆ ತಲುಪಿದಾಗ ಅವರ ಕಣ್ಣಿಗೂ ಬೆರಳು ಮತ್ತು ಕಿವಿ ಜೊತೆಯಾಗಿಯೇ ಕಾಣುತ್ತವೆ. ಹೊಸದಾಗಿ ಅವತಾರ ಕಟ್ಟುವವರು ಮಾಡುವ ತಪ್ಪು ಎಂದರೆ ಈ ಅಂಕಿಯನ್ನು ಎಲ್ಲರಿಗೂ ರವಾನಿಸುವ ಪಟ್ಟಿಗೆ ಸೇರಿಸುವುದು. ಒಂದು ಅವತಾರಕ್ಕೆ ಹೀಗೆ ರವಾನಿಸಲು ಸಿಗುವುದು ಒಟ್ಟು 256 ಬಿಟ್. ದಶಮಾಂಶದ ಅಂಕಿ 8 ಬಿಟ್ ನುಂಗುತ್ತದೆ, ಹೌದು–ಇಲ್ಲ ಎಂಬುದಕ್ಕೆ 1 ಸಾಕು. ರವಾನಿಸಬೇಕಿಲ್ಲದ್ದನ್ನು ರವಾನಿಸಿದರೆ ಬಿಟ್‌ಗಳೂ ವ್ಯರ್ಥ, ಚಲನೆಯೂ ತೊದಲುತ್ತದೆ.

ಕಿವಿ, ಬಾಲ, ಕೆನ್ನೆಯ ರೋಮದ ಗೊಂಚಲು ತೂಗಾಡುವುದು ಫಿಸ್‌ಬೋನ್ಸ್ ಎಂಬ ಸೌಲಭ್ಯದಿಂದ. 2022ರಲ್ಲಿ ಬಂದ ಇದು ಪ್ರಾಣಿರೂಪದವರಿಗೆ ಸಿಕ್ಕ ದೊಡ್ಡ ಕೊಡುಗೆ. ಬಾಲವನ್ನು ಇನ್ನೊಬ್ಬರು ಹಿಡಿದು ಎಳೆಯಬಹುದು, ಬಗ್ಗಿಸಿ ಹಾಗೇ ನಿಲ್ಲಿಸಬಹುದು, ಹಿಡಿದ ಸುದ್ದಿ ಅವತಾರಕ್ಕೆ ತಿಳಿದು ಮುಖಭಾವ ಬದಲಾಗಬಹುದು. ಯಾರು ಮುಟ್ಟಬಹುದು ಎಂಬುದನ್ನು ಎಲ್ಲರಿಗೂ ಬಿಡುವ, ಗೆಳೆಯರಿಗಷ್ಟೇ ಬಿಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಮೇಳಕ್ಕೆ ಹೋಗುವ ಮೊದಲೇ ಅದನ್ನು ನಿರ್ಧರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಜನಜಂಗುಳಿಯಲ್ಲಿ ಬಾಲ ಹಿಡಿಯುವವರಿಗೆ ಬರವಿಲ್ಲ.

ಬಾಲಕ್ಕೆ ಆರರಿಂದ ಎಂಟು ಮೂಳೆ (ಅವತಾರದೊಳಗೆ ಕಾಣದಂತೆ ಇಡುವ, ಬಾಗುವ ಕೊಂಡಿಗಳು), ಪ್ರತಿ ಕಿವಿಗೆ ಎರಡು ಅಥವಾ ಮೂರು ಸಾಕು. ಇದಕ್ಕಿಂತ ಹೆಚ್ಚಿಟ್ಟರೆ ಬಾಲ ಹಗ್ಗದಂತೆ ಸುಳಿಯುತ್ತದೆಯೇ ಹೊರತು ಸ್ನಾಯು ಇರುವಂತೆ ಕಾಣುವುದಿಲ್ಲ. ನಡೆದಾಗ ಬಾಲ ಚಾವಟಿಯಂತೆ ಬೀಸಿದರೆ ಇಮ್ಮೊಬೈಲ್ ಎಂಬ ಮೌಲ್ಯವನ್ನು 0.3ರ ಸುತ್ತ ಇಟ್ಟು ನೋಡಿ. ತೊಡೆಯೊಳಗೆ ತೂರಿದರೆ ಎರಡು ತೊಡೆಗೂ ಒಂದೊಂದು ಕ್ಯಾಪ್ಸೂಲ್ ಆಕಾರದ ತಡೆ ಹಾಕಿ. ಕಿವಿ ಪೂರ್ತಿ ತಿರುಗಿ ತಲೆಬುರುಡೆಯೊಳಗೆ ಹೋಗುವುದು ಕೋನದ ಮಿತಿ ಹಾಕದೆ ಬಿಟ್ಟದ್ದರಿಂದ. ಮೊಬೈಲ್ ಮತ್ತು ಪಿಸಿ ಇಲ್ಲದೆಯೇ ನಡೆಯುವ ಕ್ವೆಸ್ಟ್ ಹೆಡ್‌ಸೆಟ್‌ನಲ್ಲಿ ಗುಡ್ ದರ್ಜೆಗೆ (ದರ್ಜೆಗಳ ವಿವರ ಮುಂದಿದೆ) ನಾಲ್ಕು ಫಿಸ್‌ಬೋನ್ ಘಟಕ, 16 ಮೂಳೆ ಎಂಬ ಮಿತಿ ಇದೆ. ಎರಡೂ ಕಿವಿಗೆ ಬೇರೆಬೇರೆ ಘಟಕ ಹಾಕುವ ಬದಲು, ಎರಡನ್ನೂ ಒಂದೇ ತಾಯಿಮೂಳೆಯ ಕೆಳಗಿಟ್ಟು ಆ ತಾಯಿಗೆ ಒಂದೇ ಘಟಕ ಹಾಕಿ, ಕವಲುಗಳ ಆಯ್ಕೆಯನ್ನು ಇಗ್ನೋರ್ ಎಂದಿಟ್ಟರೆ ತಾಯಿಮೂಳೆ ಅಲುಗದೆ ಕಿವಿಗಳು ಮಾತ್ರ ಅಲುಗುತ್ತವೆ. ತಾಯಿ ಸೇರಿ ಕಿವಿಗಳದ್ದು ಏಳು ಮೂಳೆ, ಬಾಲದ್ದು ಏಳು: ಒಟ್ಟು ಹದಿನಾಲ್ಕು. ಮಿತಿಯೊಳಗೇ ಕೆಲಸ ಮುಗಿಯಿತು.

ತೂಕದ ಲೆಕ್ಕ

ಒಂದು ಇನ್‌ಸ್ಟನ್ಸ್‌ಗೆ, ಅಂದರೆ ಲೋಕದ ಒಂದು ಪ್ರತಿಗೆ, ಗರಿಷ್ಠ 80 ಜನ. ಎಂಬತ್ತು ಅವತಾರಗಳನ್ನು ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಟ್ಟಿಗೆ ಹೊರಬೇಕು. ಹೆಡ್‌ಸೆಟ್ 90 ಹರ್ಟ್ಸ್‌ನದಾದರೆ ಪ್ರತಿ ಚಿತ್ರಕ್ಕೆ ಸಿಗುವ ಸಮಯ 11 ಮಿಲಿಸೆಕೆಂಡ್, ಅದೂ ಎರಡು ಕಣ್ಣಿಗೆ. ಇಂಥ ಮೇಳಗಳಲ್ಲಿ ಏನಾದರೂ ಹಾಳಾದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಇಲ್ಲೇ ಸಿಗುತ್ತದೆ.

ವಿಆರ್‌ಚಾಟ್ ಪ್ರತಿ ಅವತಾರಕ್ಕೂ ಎಕ್ಸಲೆಂಟ್, ಗುಡ್, ಮೀಡಿಯಂ, ಪೂರ್, ವೆರಿ ಪೂರ್ ಎಂದು ದರ್ಜೆ ಕೊಡುತ್ತದೆ. ಅವತಾರದ ಮೈ ಚಿಕ್ಕ ಚಿಕ್ಕ ತ್ರಿಕೋನಗಳಿಂದ ಆದದ್ದು. ಪಿಸಿಯಲ್ಲಿ ಎಕ್ಸಲೆಂಟ್‌ಗೆ 32,000 ತ್ರಿಕೋನಗಳ ಮಿತಿ; ಗುಡ್, ಮೀಡಿಯಂ, ಪೂರ್ ಮೂರಕ್ಕೂ 70,000. ಹಾಗಾಗಿ ತ್ರಿಕೋನದ ಸಂಖ್ಯೆಯೊಂದನ್ನೇ ನೋಡಿ ಯಾರೂ ನಿಶ್ಚಿಂತರಾಗಬಾರದು. ನಿಜವಾದ ಹೊರೆ ಟೆಕ್ಸ್ಚರ್, ಅಂದರೆ ಮೈಗೆ ಹೊದಿಸುವ ಚಿತ್ರಗಳು, ಹಿಡಿಯುವ ಮೆಮೊರಿಯಲ್ಲಿದೆ: 40, 75, 110, 150 ಎಂಬಿ ಎಂದು ದರ್ಜೆಯಿಂದ ದರ್ಜೆಗೆ ಏರುತ್ತದೆ. ಎಂಬತ್ತು ಜನರೂ 150 ಎಂಬಿ ಹೊತ್ತು ಬಂದರೆ 12,000 ಎಂಬಿ, ಅಂದರೆ 8 ಜಿಬಿಯ ಕಾರ್ಡ್‌ನಲ್ಲಿ ಹಿಡಿಯದಷ್ಟು. ಎಲ್ಲರೂ 40ರೊಳಗೆ ಬಂದರೆ 3,200 ಎಂಬಿ. ಲೋಕಕ್ಕೂ ಬೆಳಕಿಗೂ ಜಾಗ ಉಳಿಯುತ್ತದೆ. ಕಾರ್ಡ್‌ನ ಮೆಮೊರಿ ತುಂಬಿದಾಗ ಚಿತ್ರ ನಿಧಾನವಾಗಿ ಇಳಿಯುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ: ತಲೆ ತಿರುಗಿಸಿದರೆ ಲೋಕ ಅರ್ಧ ಸೆಕೆಂಡ್ ತಡೆದು ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ. ಮೈಯ ಒಂದೊಂದು ಭಾಗ ಹೇಗೆ ಕಾಣಬೇಕೆಂದು ಹೇಳುವ ಮೆಟೀರಿಯಲ್‌ಗಳದ್ದೂ ಇದೇ ಕಥೆ. ಎಕ್ಸಲೆಂಟ್‌ಗೆ 4, ಪೂರ್‌ಗೆ 32. ಮೂವತ್ತೆರಡನ್ನು ಎಂಬತ್ತರಿಂದ ಗುಣಿಸಿದರೆ 2,560 ಸಲ ಪ್ರೊಸೆಸರ್ ಗ್ರಾಫಿಕ್ಸ್ ಕಾರ್ಡ್‌ಗೆ ಬಿಡಿಬಿಡಿ ಆದೇಶ ಕೊಡಬೇಕು. ಎಷ್ಟು ಒಳ್ಳೆಯ ಕಾರ್ಡ್ ಇದ್ದರೂ ಆಗ ಪ್ರೊಸೆಸರ್ ಸುಸ್ತಾಗುತ್ತದೆ. ಕನ್ನಡಿಯ ಮುಂದೆ ನಿಂತರೆ ಎಲ್ಲವೂ ಮತ್ತೊಮ್ಮೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ, ಮತ್ತು ಹಾಸಿಗೆ ಎಂಬತ್ತು ಜನರದ್ದು. ಅವತಾರವನ್ನು ಹಗುರ ಮಾಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ತಪ್ಪು ಕಡೆಯಿಂದ ಶುರುಮಾಡುತ್ತಾರೆ.

ಮೊದಲು ಟೆಕ್ಸ್ಚರ್. 4096 ಅಳತೆಯ ಒಂದು ಚಿತ್ರ ಬಿಸಿ7 ಸಂಕೋಚನದಲ್ಲಿ, ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಜೊತೆಗಿಡುವ ಚಿಕ್ಕ ಪ್ರತಿಗಳು) ಸೇರಿ, ಸುಮಾರು 21 ಎಂಬಿ. ಅದನ್ನೇ 2048ಕ್ಕೆ ಇಳಿಸಿದರೆ 5.3, 1024ಕ್ಕೆ ಇಳಿಸಿದರೆ 1.3. ಮೈಯ ಬಣ್ಣಕ್ಕೆ 2048 ಸಾಕು. ಉಗುರು, ನಾಲಿಗೆ, ಕೊರಳಪಟ್ಟಿ, ಬಳೆಗಳಿಗೆ 1024 ಅಥವಾ 512. ಎರಡು ಮಾರು ದೂರದಿಂದ ವ್ಯತ್ಯಾಸ ಕಾಣುವುದೇ ಇಲ್ಲ. ಹತ್ತಿರದಿಂದ ಜನ ನೋಡುವುದು ಕಣ್ಣು. ಉಳಿಸಿದ್ದನ್ನು ಅಲ್ಲಿ ಖರ್ಚುಮಾಡಿ. ಕ್ರಂಚ್ ಎಂಬ ಆಯ್ಕೆ ಹಾಕಿದರೆ ಹಗುರವಾಯಿತು ಎಂದು ಬಹಳ ಜನ ನಂಬಿದ್ದಾರೆ. ಅದು ಇಳಿಸಿಕೊಳ್ಳುವ ಫೈಲನ್ನು ಮಾತ್ರ ಚಿಕ್ಕದು ಮಾಡುತ್ತದೆ. ಕಾರ್ಡ್‌ನೊಳಗೆ ಬಿಚ್ಚಿಕೊಂಡಾಗ ತೂಕ ಅಷ್ಟೇ. ಹಾಗೆಯೇ, ಮೆನುವಿನಿಂದ ಮರೆಮಾಡಿದ ಉಡುಪುಗಳೂ ಮೆಮೊರಿಯಲ್ಲಿ ಕೂತೇ ಇರುತ್ತವೆ. ಹತ್ತು ಜೊತೆ ಬಟ್ಟೆ ಇರುವ ಒಂದು ಅವತಾರಕ್ಕಿಂತ ಒಂದೊಂದು ಜೊತೆಯ ಮೂರು ಅವತಾರಗಳನ್ನು ಮಾಡಿಟ್ಟು ಬೇಕಾದಾಗ ಬದಲಿಸುವುದು ಎಲ್ಲರಿಗೂ ಒಳ್ಳೆಯದು.

ನಂತರ ಮೆಟೀರಿಯಲ್‌ಗಳನ್ನು ಒಂದೇ ಹಾಳೆಗೆ ಜೋಡಿಸಿ ನಾಲ್ಕಕ್ಕೋ ಐದಕ್ಕೋ ತನ್ನಿ. ತ್ರಿಕೋನ ಕಡಿಮೆ ಮಾಡುವುದು ಕೊನೆಗೆ. ಆಗಲೂ ಮೊದಲು ಬಟ್ಟೆಯಡಿ ಕಾಣದ ಮೈಯನ್ನು ಅಳಿಸಿ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮುಖಭಾವದ ಶೇಪ್ ಕೀಗಳಿರುವ ಮೆಶ್ (ತ್ರಿಕೋನಗಳ ಜಾಲ) ಮೇಲೆ ತ್ರಿಕೋನ ಇಳಿಸುವ ಡೆಸಿಮೇಟ್ ಮಾಡಿಫೈಯರನ್ನು ಅಪ್ಲೈ ಮಾಡಲು ಅದು ಬಿಡುವುದಿಲ್ಲ; ಆತುರಕ್ಕೆ ಕೀಗಳನ್ನು ಅಳಿಸಿ ಕಡಿಮೆ ಮಾಡಿದವರ ತೋಳ ಬಾಯಿ ಬಿಡದ ತೋಳವಾಗುತ್ತದೆ. ಮುಂಡ ಮತ್ತು ತಲೆಯನ್ನು ಎರಡು ಮೆಶ್ ಆಗಿಟ್ಟು ಮುಂಡವನ್ನು ಮಾತ್ರ ಕಡಿಮೆ ಮಾಡಿ. ಪಿಸಿಯಲ್ಲಿ ಗುಡ್ ದರ್ಜೆಗೆ ಎರಡು ಸ್ಕಿನ್ಡ್ ಮೆಶ್‌ಗೆ, ಅಂದರೆ ಮೂಳೆಗೆ ಕಟ್ಟಿದ ಮೆಶ್‌ಗೆ, ಅವಕಾಶವಿದೆ.

ರೋಮದ ವಿಷಯದಲ್ಲಿ ಸೇವೆಯ ಮೇಲೆಯೇ ಒಂದು ದೂರು ಇದೆ. ದರ್ಜೆ ಹಾಕುವ ವ್ಯವಸ್ಥೆ ಶೇಡರ್‌ನ, ಅಂದರೆ ಮೈಯ ಬಣ್ಣ ಹೊಳಪುಗಳನ್ನು ಬಿಡಿಸುವ ಚಿಕ್ಕ ಪ್ರೋಗ್ರಾಂನ, ಖರ್ಚನ್ನು ಅಳೆಯುವುದೇ ಇಲ್ಲ. ಪದರ ಪದರವಾಗಿ ರೋಮ ಬಿಡಿಸುವ ಶೇಡರ್ ಇಪ್ಪತ್ತು ಪದರ ಹಾಕಿದರೆ 30,000 ತ್ರಿಕೋನದ ಮೈಯನ್ನು ಇಪ್ಪತ್ತು ಸಲ ಬಿಡಿಸಿದಂತೆ: ಆರು ಲಕ್ಷ. ಹಣೆಯ ಮೇಲಿನ ಚೀಟಿ ಮಾತ್ರ ಎಕ್ಸಲೆಂಟ್ ಎಂದೇ ಇರುತ್ತದೆ. ಮೇಳಕ್ಕೆ ರೋಮದ ಅವತಾರ ಒಯ್ಯುವವರು ಪದರವನ್ನು ಆರೇಳಕ್ಕೆ ಇಳಿಸಿ, ಅದೂ ಕುತ್ತಿಗೆ, ಎದೆ, ಬಾಲದ ತುದಿಗೆ ಮಾತ್ರ ಇಡಬೇಕು. ಉಳಿದ ಕಡೆ ಅಂಚಿನಲ್ಲಿ ಕತ್ತರಿಸಿದ ಗರಿಗಳಂಥ ತುಣುಕುಗಳು ಸಾಕು. ನಿಜ ಹೇಳಬೇಕೆಂದರೆ ಕೈಯಿಂದ ಬಿಡಿಸಿದ ಒಳ್ಳೆಯ ಗರಿತುಣುಕು ಶೇಡರ್‌ನ ರೋಮಕ್ಕಿಂತ ಚೆಂದ.

ಕ್ವೆಸ್ಟ್‌ನಲ್ಲಿ ಲೆಕ್ಕ ಇನ್ನೂ ಬಿಗಿ. ಎಕ್ಸಲೆಂಟ್ 7,500 ತ್ರಿಕೋನ, ಗುಡ್ 10,000, ಮೀಡಿಯಂ 15,000, ಪೂರ್ 20,000. ಫೈಲಿನ ಗಾತ್ರ 10 ಎಂಬಿ ಮೀರುವಂತಿಲ್ಲ, ಪಿಸಿಯಲ್ಲಿ ಅದು 200. ಸೇವೆ ಕೊಟ್ಟ ಮೊಬೈಲ್ ಶೇಡರ್‌ಗಳನ್ನಷ್ಟೇ ಬಳಸಬಹುದು. ಅಲ್ಲಿ ಮೀಡಿಯಂಗಿಂತ ಕೆಳಗಿನವರನ್ನು ಮೊದಲಿಗೆ ತೋರಿಸುವುದೇ ಇಲ್ಲ. ನಿಮ್ಮ ಚೆಂದದ ಚಿರತೆಯ ಕ್ವೆಸ್ಟ್ ಪ್ರತಿ ಇಲ್ಲದಿದ್ದರೆ ಸಭಾಂಗಣದ ಎಷ್ಟೋ ಜನಕ್ಕೆ ಅದು ಕಾಣುವುದು ತಾನಾಗಿ ತಯಾರಾದ ಮಸುಕು ಬೊಂಬೆಯಾಗಿ, ಇಲ್ಲವೇ ಬದಲಿ ಅವತಾರವಾಗಿ. 10,000 ತ್ರಿಕೋನದಲ್ಲಿ ಒಳ್ಳೆಯ ಚಿರತೆ ಆಗುತ್ತದೆ. ಬೆರಳುಗಳನ್ನು ನಾಲ್ಕು ಮುಖದ ಕೊಳವೆಯಾಗಿಸಿ, ಹಲ್ಲನ್ನು ಒಂದೇ ಪಟ್ಟಿಯಾಗಿಸಿ, ಉಳಿದದ್ದನ್ನು ತಲೆಗೆ ಕೊಡಿ.

ಕಾಲು, ಮೂತಿ, ಕಣ್ಣು

ನರಿ, ತೋಳ, ಬೆಕ್ಕು ನಡೆಯುವುದು ಬೆರಳ ಮೇಲೆ. ಹಿಂದಕ್ಕೆ ಬಾಗಿದ ಮೊಣಕಾಲು ಎಂದು ನಾವು ಅಂದುಕೊಳ್ಳುವುದು ಅವುಗಳ ಹಿಮ್ಮಡಿ. ಆದರೆ ವಿಆರ್‌ಚಾಟ್‌ಗೆ ಗೊತ್ತಿರುವುದು ಮನುಷ್ಯನ ತೊಡೆ, ಮೊಣಕಾಲ ಕೆಳಗಿನ ಭಾಗ, ಪಾದ ಅಷ್ಟೇ. ಪ್ರಾಣಿಯ ಕಾಲಿನ ಮೂಳೆಗಳನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಕೂತಾಗ ಹಿಮ್ಮಡಿ ಮುರಿದಂತೆ ತಿರುಚುತ್ತದೆ. ಸರಿಯಾದ ದಾರಿ ಎಂದರೆ ಮನುಷ್ಯನ ಕಾಲಿನ ಕಾಣದ ಮೂಳೆಸರಣಿಯನ್ನು ಒಳಗಿಟ್ಟು, ಕಾಣುವ ಪ್ರಾಣಿಕಾಲು ಅದರ ತಿರುಗುವಿಕೆಯನ್ನು ಹಿಂಬಾಲಿಸುವಂತೆ ಕಟ್ಟುವುದು. ಕಾಣದ ಸರಣಿಯ ಮೊಣಕಾಲನ್ನು ಮುಂದಕ್ಕೆ ಒಂದೆರಡು ಡಿಗ್ರಿ ಬಾಗಿಸಿರಬೇಕು. ಕಡ್ಡಿಯಂತೆ ನೆಟ್ಟಗಿದ್ದರೆ ಯಾವ ಕಡೆ ಮಡಚಬೇಕೆಂದು ಲೆಕ್ಕಕ್ಕೆ ತಿಳಿಯದೆ ಮೊಣಕಾಲು ಹಿಂದಕ್ಕೆ ಚಿಮ್ಮುತ್ತದೆ. ಅವತಾರ ಕೊಳ್ಳುವವರು ಪ್ರದರ್ಶನದ ಚಿತ್ರಕ್ಕೆ ಮರುಳಾಗದೆ, ಕುಕ್ಕರಗಾಲಲ್ಲಿ ಕೂತ ವಿಡಿಯೋ ಕೇಳಿ ನೋಡಬೇಕು. ಅದರಲ್ಲಿ ಎಲ್ಲ ಗೊತ್ತಾಗುತ್ತದೆ.

ಮೂತಿ ಉದ್ದವಿದ್ದಷ್ಟೂ ಮಾತಿನ ತೊಂದರೆ ಹೆಚ್ಚು. ಬಾಯಿಯ ಚಲನೆಗೆ 15 ಆಕಾರಗಳು ಬೇಕು. ಮನುಷ್ಯಮುಖಕ್ಕೆ ಮಾಡಿದ ‘ಆ’ ಸ್ವರದ ಆಕಾರವನ್ನು ಹಾಗೇ ತೋಳಕ್ಕೆ ಹಾಕಿದರೆ ಪ್ರತಿ ಮಾತಿಗೂ ದವಡೆ ಪೂರ್ತಿ ಬಿದ್ದು ಬಡಿಯುತ್ತದೆ. ಅದನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿ, ತುಟಿಯ ಅಂಚಿಗೆ ಸ್ವಲ್ಪ ಅಲುಗಾಟ ಸೇರಿಸಿದರೆ ಮಾತು ಬಾಯಿಂದಲೇ ಬಂದಂತೆ ಕಾಣುತ್ತದೆ. ನೋಟದ ಬಿಂದುವನ್ನು ಎರಡು ಕಣ್ಣಿನ ನಡುವೆ ಇಡಬೇಕು, ಮೂತಿಯ ತುದಿಯಲ್ಲಲ್ಲ. ಧರಿಸಿದವರಿಗೆ ತಮ್ಮ ತಲೆ ಕಾಣದಂತೆ ಸೇವೆ ಅದನ್ನು ಕುಗ್ಗಿಸಿಡುತ್ತದೆ. ಹೆಡ್‌ಚಾಪ್ ಎಂಬ ಘಟಕ ಬಳಸಿ ಮೂತಿಯನ್ನು ಮಾತ್ರ ಕಾಣುವಂತೆ ಮಾಡಿಕೊಳ್ಳಬಹುದು. ಕೆಳಗೆ ನೋಡಿದಾಗ ನಿಮ್ಮದೇ ಮೂತಿ ಕಣ್ಣಂಚಿಗೆ ಕಂಡರೆ, ನೀವು ಈ ಪ್ರಾಣಿ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಇಷ್ಟು ಸಣ್ಣ ಕೆಲಸದಿಂದ ಇಷ್ಟು ದೊಡ್ಡ ಲಾಭ ಬೇರೆಲ್ಲೂ ಸಿಗದು.

ಕಣ್ಣಿನ ಬಗ್ಗೆ ಸೇವೆಗೆ ಪೂರ್ತಿ ಅಂಕ ಕೊಡಬೇಕು. ಕಣ್ಣು ಹಿಂಬಾಲಿಸುವ ಉಪಕರಣ ಇಲ್ಲದಿದ್ದರೂ ಅವತಾರ ಹತ್ತಿರದವರ ಮುಖದತ್ತ ತಾನಾಗಿ ದೃಷ್ಟಿ ಹೊರಳಿಸುತ್ತದೆ, ಎವೆಯಿಕ್ಕುತ್ತದೆ. ಪ್ರಾಣಿಗಳಲ್ಲಿ ಕಣ್ಣು ಪಕ್ಕಕ್ಕಿರುವುದರಿಂದ ಎಡ ಮತ್ತು ಬಲಗಣ್ಣಿನ ತಿರುಗುವ ಮಿತಿಯನ್ನು ಬೇರೆಬೇರೆಯಾಗಿ ಕೊಡಿ, ಇಲ್ಲದಿದ್ದರೆ ಮೆಳ್ಳಗಣ್ಣಾಗುತ್ತದೆ. ಮುಖಭಾವ ಓದುವ ಹೆಡ್‌ಸೆಟ್ ಇರುವವರು ಒಎಸ್‌ಸಿ ಎಂಬ ಸಂದೇಶ ಪದ್ಧತಿಯ ಮೂಲಕ, 9000ನೇ ಪೋರ್ಟ್‌ಗೆ, ಹುಬ್ಬಿನ ಚಲನೆಯನ್ನು ಕಳುಹಿಸಿ ಕಿವಿಗೆ ಜೋಡಿಸುತ್ತಾರೆ. ಹುಬ್ಬೇರಿಸಿದರೆ ಕಿವಿ ನೆಟ್ಟಗಾಗುತ್ತದೆ. ಪ್ರಾಣಿಗೆ ಹುಬ್ಬಿನ ಕೆಲಸವನ್ನು ಕಿವಿಯೇ ಮಾಡುತ್ತದೆ ಎಂದು ಮೊದಲು ಕಂಡುಕೊಂಡವರಿಗೆ ನಮಸ್ಕಾರ.

ಬೆಳಕು ಮತ್ತು ಸದ್ದು

ಮೇಳದ ಕಣ್ಮಣಿ ಎಂದರೆ ಆಡಿಯೋಲಿಂಕ್. ಲೋಕದಲ್ಲಿ ನುಡಿಯುವ ಸಂಗೀತವನ್ನು ಅದು ಮಂದ್ರದಿಂದ ತಾರದವರೆಗೆ ನಾಲ್ಕು ಪಟ್ಟಿಯಾಗಿ ಒಡೆದು, ಆ ಮೌಲ್ಯಗಳನ್ನು ಚಿಕ್ಕದೊಂದು ಚಿತ್ರದೊಳಗೆ ಬರೆಯುತ್ತದೆ. ಆ ಚಿತ್ರವನ್ನು ಗೋಡೆಯೂ ಓದಬಹುದು, ನಿಮ್ಮ ಕೋಡೂ ಓದಬಹುದು. ಹಾಗಾಗಿ ಡೋಲಿನ ಒಂದು ಪೆಟ್ಟಿಗೆ ವೇದಿಕೆಯ ದೀಪ, ನಿಮ್ಮ ಬಾಲದ ಪಟ್ಟೆ, ಪಕ್ಕದ ಡ್ರ್ಯಾಗನ್ನಿನ ಎದೆ ಮೂರೂ ಒಟ್ಟಿಗೆ ಬೆಳಗುತ್ತವೆ. ಪ್ರೇಕ್ಷಕರು ದೃಶ್ಯದ ಭಾಗವಾಗುತ್ತಾರೆ ಎಂದು ಎಲ್ಲ ಪ್ರದರ್ಶನಗಳೂ ಹೇಳಿಕೊಳ್ಳುತ್ತವೆ. ಇಲ್ಲಿ ಅದು ನಿಜವಾಗಿ ಆಗುತ್ತದೆ. ಪೊಯೋಮಿಯಂಥ ಶೇಡರ್‌ಗಳಲ್ಲಿ ಇದಕ್ಕೆ ಸಿದ್ಧ ಆಯ್ಕೆ ಇದೆ. ಒಂದೇ ಸಲಹೆ: ಮಂದ್ರಕ್ಕೆ ಮೈಯ ಒಂದು ಭಾಗವನ್ನು ಮಾತ್ರ ಜೋಡಿಸಿ. ಇಡೀ ಮೈ ಮಿನುಗಿದರೆ ಪಕ್ಕದವರಿಗೆ ತಲೆನೋವು.

ವೇದಿಕೆಯ ದೀಪಗಳಿಗೆ ಡಿಎಂಎಕ್ಸ್ ಬಳಸುವ ತಂಡಗಳಿವೆ. ನಿಜವಾದ ರಂಗದಲ್ಲಿ ಒಂದು ತಂತಿಯ ಮೇಲೆ 512 ಚಾನೆಲ್ ಓಡುವ ಅದೇ ಪದ್ಧತಿ. ವಿಆರ್‌ಎಸ್‌ಎಲ್ ಎಂಬ ಉಚಿತ ಸಾಧನ ಆ ಚಾನೆಲ್‌ಗಳನ್ನು ವಿಡಿಯೋ ಸ್ಟ್ರೀಮಿನ ಅಂಚಿನಲ್ಲಿ ಚೌಕಗಳಾಗಿ ಬರೆದು ಕಳುಹಿಸುತ್ತದೆ. ನೋಡುವವರ ಯಂತ್ರ ಆ ಚೌಕಗಳ ಹೊಳಪನ್ನು ಓದಿ ದೀಪ ತಿರುಗಿಸುತ್ತದೆ. ಸಂಗೀತ ಮತ್ತು ದೀಪ ಒಂದೇ ಸ್ಟ್ರೀಮಿನಲ್ಲಿ ಬರುವುದರಿಂದ ನಿಮಗೆ ಸ್ಟ್ರೀಮ್ ಎಷ್ಟೇ ತಡವಾಗಿ ಬಂದರೂ ಎರಡೂ ಜೊತೆಗೂಡಿಯೇ ಇರುತ್ತವೆ. ಕೆಟ್ಟರೆ ಅದರ ಗುರುತು ಹೀಗೆ: ಸ್ಟ್ರೀಮಿನ ಗುಣಮಟ್ಟ ಬಿದ್ದಾಗ ಚೌಕಗಳು ಒಂದಕ್ಕೊಂದು ಕಲಸಿ ದೀಪಗಳು ನಡುಗುತ್ತವೆ. ಆಗ ಪ್ಲೇಯರ್‌ನ ರೀಸಿಂಕ್ ಒತ್ತಿ. ಹೆಚ್ಚಿನ ಸಲ ಸರಿಹೋಗುತ್ತದೆ.

ಸರಿಹೋಗದ್ದು ಇನ್ನೊಂದಿದೆ. ಕುಣಿಯುವವರ ಮೈ ನಿಮಗೆ ತಲುಪುವುದು ಬಹುತೇಕ ಆ ಕ್ಷಣದಲ್ಲೇ, ಸಂಗೀತ ತಲುಪುವುದು ಕೆಲವು ಸೆಕೆಂಡ್ ತಡವಾಗಿ, ಒಬ್ಬೊಬ್ಬರಿಗೆ ಒಂದೊಂದು ಅಳತೆಯ ತಡದಲ್ಲಿ. ಹಾಗಾಗಿ ಪಕ್ಕದ ಮೊಲ ತನ್ನ ತಾಳಕ್ಕೆ ಸರಿಯಾಗಿಯೇ ಕುಣಿಯುತ್ತಿದ್ದರೂ ನಿಮ್ಮ ಕಣ್ಣಿಗೆ ತಾಳ ತಪ್ಪಿರುತ್ತದೆ. ಎಚ್‌ಎಲ್‌ಎಸ್ ಬದಲು ಆರ್‌ಟಿಎಸ್‌ಪಿ ಬಗೆಯ ಸ್ಟ್ರೀಮ್ ಕೊಟ್ಟರೆ ಅಂತರ ಬಹಳ ಕಿರಿದಾಗುತ್ತದೆ, ಇಲ್ಲವಾಗುವುದಿಲ್ಲ. ಜೊತೆ ಕುಣಿತವೇ ಮುಖ್ಯವಾದ ಪ್ರದರ್ಶನಕ್ಕೆ ಹಾಡನ್ನು ಲೋಕದೊಳಗೇ ಅಡಕಮಾಡಿ, ಒಂದೇ ಗಡಿಯಾರಕ್ಕೆ ಕಟ್ಟಿ ನುಡಿಸುವ ತಂಡಗಳನ್ನು ಆರಿಸಿಕೊಳ್ಳಿ. ವ್ಯತ್ಯಾಸ ಮೊದಲ ನಿಮಿಷದಲ್ಲೇ ತಿಳಿಯುತ್ತದೆ.

ಕಪ್ಪು ಪರದೆ, ಸದ್ದೇ ಇಲ್ಲ ಎಂಬ ಗೋಳು ಪ್ರತಿ ಮೇಳದ ಮೊದಲ ಗಂಟೆಯಲ್ಲಿ ಕೇಳಿಬರುತ್ತದೆ. ಸೇವೆಯ ಒಪ್ಪಿಗೆ ಪಟ್ಟಿಯಲ್ಲಿಲ್ಲದ ತಾಣದಿಂದ ಸ್ಟ್ರೀಮ್ ಬರುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅನ್‌ಟ್ರಸ್ಟೆಡ್ ಯುಆರ್‌ಎಲ್‌ಗೆ ಅನುಮತಿ ಕೊಡಬೇಕು. ಹೆಚ್ಚಿನ ಸಲ ಇದೇ ಕಾರಣ.

ಎಂಬತ್ತರ ಗೋಡೆ ಮತ್ತು ಉಪಕರಣ

ಸಾವಿರಾರು ಜನ ಬರುವ ಮೇಳವನ್ನು ಎಂಬತ್ತರ ಮಿತಿ ಹತ್ತಾರು ಪ್ರತಿಗಳಾಗಿ ಒಡೆಯುತ್ತದೆ. ಕಲಾವಿದರು ಮೈಯಿಂದ ಇರುವುದು ಒಂದೇ ಪ್ರತಿಯಲ್ಲಿ. ಉಳಿದ ಕಡೆ ಅವರು ಪರದೆಯ ಮೇಲಷ್ಟೇ. ಮೂಗು ಮುಟ್ಟುವಷ್ಟು ಹತ್ತಿರವನ್ನು ಕೊಡುವ ಸೇವೆ, ಜನ ಹೆಚ್ಚಾದ ಕ್ಷಣಕ್ಕೆ ಅದೇ ಹತ್ತಿರವನ್ನು ಕಿತ್ತುಕೊಳ್ಳುತ್ತದೆ. ನಮ್ಮ ಮಟ್ಟಿಗೆ ಇದು ಈ ವೇದಿಕೆಯ ಅತಿದೊಡ್ಡ ಕೊರತೆ. ಗೆಳೆಯರ ಜೊತೆ ಹೋಗುವವರು ಪ್ರದರ್ಶನಕ್ಕೆ ಅರ್ಧಗಂಟೆ ಮೊದಲೇ ಒಂದೇ ಪ್ರತಿಯಲ್ಲಿ ಸೇರಿಕೊಳ್ಳಿ. ತುಂಬಿದ ಮೇಲೆ ಹೊರಗೆ ಹೋಗಿ ಬರುತ್ತೇನೆಂದರೆ ಜಾಗ ಉಳಿದಿರುವುದಿಲ್ಲ.

ಹೆಡ್‌ಸೆಟ್ ಇಲ್ಲದೆ ಬರೀ ಪಿಸಿಯಲ್ಲಿ ಹೋಗಬಹುದು. ನೋಡಲು ಅಡ್ಡಿಯಿಲ್ಲ, ಮುಟ್ಟುವ ಸುಖ ಅರ್ಧ. ಕಾಲುಗಳನ್ನೂ ತರಬೇಕೆಂದರೆ ಎರಡು ದಾರಿ. ಒಂದು, ಮೈಗೆ ಕಟ್ಟಿಕೊಳ್ಳುವ ವೈವ್ ಟ್ರ್ಯಾಕರ್ ಮೂರು, ಅಂದರೆ ಸೊಂಟಕ್ಕೆ ಒಂದು, ಪಾದಗಳಿಗೆ ಎರಡು. ಇವು ಕೋಣೆಯಲ್ಲಿ ಇಟ್ಟ ಬೇಸ್ ಸ್ಟೇಷನ್‌ನ ಬೆಳಕು ನೋಡಿ ಕೆಲಸಮಾಡುವುದರಿಂದ ಜಾಗ ತಪ್ಪುವುದಿಲ್ಲ, ಆದರೆ ಮಂಚವೋ ಮೇಜೋ ಅಡ್ಡ ಬಂದರೆ ಕಾಲು ಹಾರಿಹೋಗುತ್ತದೆ. ಇನ್ನೊಂದು ಸ್ಲೈಮ್‌ವಿಆರ್ ಟ್ರ್ಯಾಕರ್. ಅದರಲ್ಲಿ ಎದೆ, ಎರಡು ತೊಡೆ, ಎರಡು ಕಣಕಾಲು ಎಂದು ಐದು ಬೇಕು; ಬೇಸ್ ಸ್ಟೇಷನ್ ಬೇಡ, ಅಡ್ಡಿ ಬಂದರೂ ಚಿಂತೆಯಿಲ್ಲ. ಆದರೆ ತಿರುಗುವಿಕೆ ಅಳೆಯುವ ಗೈರೋದ ತಪ್ಪು ಸ್ವಲ್ಪಸ್ವಲ್ಪವೇ ಕೂಡಿ ಹೊತ್ತು ಹೋದಂತೆ ಮೊಣಕಾಲು ಪಕ್ಕಕ್ಕೆ ತಿರುಗುತ್ತದೆ, ಆಗಾಗ ನೆಟ್ಟಗೆ ನಿಂತು ರೀಸೆಟ್ ಮಾಡಬೇಕು. ರಾತ್ರಿಯಿಡೀ ಕುಣಿಯುವವರಿಗೆ ಮೊದಲನೆಯದು, ನೆಲದ ಮೇಲೆ ಕೂತು ಹರಟುವವರಿಗೆ ಎರಡನೆಯದು.

ಮೇಳದ ಮೊದಲು ಮಾಡಿಟ್ಟುಕೊಳ್ಳಬೇಕಾದದ್ದರಲ್ಲಿ ಖಾತೆ ಮುಖ್ಯ. ಹೊಸ ಖಾತೆ ವಿಸಿಟರ್ ದರ್ಜೆಯಲ್ಲಿರುತ್ತದೆ. ನ್ಯೂ ಯೂಸರ್ ಆಗುವವರೆಗೆ ನಿಮ್ಮ ಸ್ವಂತ ಅವತಾರ ಏರಿಸಲು ಬಿಡುವುದಿಲ್ಲ. ಹಿಂದಿನ ದಿನ ಖಾತೆ ತೆರೆದವರು ಎರವಲು ವೇಷದಲ್ಲಿ ಹೋಗಬೇಕಾಗುತ್ತದೆ. ಕೆಲವು ವಾರ ಮೊದಲೇ ತೆರೆದು ನಾಲ್ಕು ಕಡೆ ಓಡಾಡಿ, ಜನರ ಜೊತೆ ಬೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ತೋರಿಸುವ ಅವತಾರಗಳ ಗರಿಷ್ಠ ಸಂಖ್ಯೆಯನ್ನು 15 ಅಥವಾ 20ಕ್ಕೆ ಇಳಿಸಿದರೆ ಹತ್ತಿರದವರು ಪೂರ್ತಿ ಕಾಣುತ್ತಾರೆ, ದೂರದವರು ಹಗುರ ರೂಪದಲ್ಲಿರುತ್ತಾರೆ. ಸಾಧಾರಣ ಕಾರ್ಡ್‌ಗೂ ಉಸಿರು ಬರುತ್ತದೆ. ಗದ್ದಲದಲ್ಲಿ ಮಾತು ಕೇಳಿಸದಿದ್ದರೆ ಇಯರ್‌ಮಫ್ ಆಯ್ಕೆ ಹಾಕಿ, ಸುತ್ತಲಿನ ವೃತ್ತದೊಳಗಿನ ದನಿಗಳು ಮಾತ್ರ ಉಳಿಯುತ್ತವೆ. ಎತ್ತರವನ್ನು 0.2ರಿಂದ 5 ಮೀಟರ್‌ವರೆಗೆ ಬದಲಿಸಿಕೊಳ್ಳಬಹುದು. ದೊಡ್ಡದಾಗುವವರು ದಯವಿಟ್ಟು ಹಿಂದಿನ ಸಾಲಿಗೆ ಹೋಗಿ. ಮಿಂಚುವ ಬೆಳಕು ಆಗದವರು ಲೋಕದೊಳಗೆ ದೀಪ ತಗ್ಗಿಸುವ ಗುಂಡಿ ಇದೆಯೇ ಎಂದು ಹೋದಕೂಡಲೇ ಹುಡುಕಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವುದು ಅಪಾಯದ ಗಡಿ ದಾಟಿದಂತೆ. ಅಂಥ ಗುಂಡಿಯನ್ನೇ ಇಡದ ಲೋಕಕ್ಕೆ ನಾವು ಅಂಕ ಕಡಿಮೆ ಕೊಡುತ್ತೇವೆ, ಅದು ಎಷ್ಟೇ ಸುಂದರವಾಗಿದ್ದರೂ.

ಮೇಳ ಮುಗಿದ ಮೇಲೂ ಆ ಲೋಕ ತೆರೆದಿದ್ದರೆ ಮೂರು ನಾಲ್ಕು ಜನ ಮತ್ತೊಮ್ಮೆ ಹೋಗಿ. ಅವತಾರಗಳ ಮಿತಿಯನ್ನು ತೆಗೆದುಹಾಕಿ, ಚಿತ್ರದ ಗುಣಮಟ್ಟ ಏರಿಸಿ, ಕಟ್ಟಿದವರು ಮೂಲೆಮೂಲೆಯಲ್ಲಿ ಇಟ್ಟಿರುವ ಸಣ್ಣ ಕೆಲಸಗಳನ್ನು ನೋಡಿ. ಎಂಬತ್ತು ಜನರ ನಡುವೆ ಕಾಣದ ನೀರಿನ ಅಲೆ, ಗೋಡೆಯ ಮೇಲಿನ ಪಂಜದ ಗುರುತು ಆಗ ಕಣ್ಣಿಗೆ ಬೀಳುತ್ತವೆ. ಜೊತೆಗೆ ಬಂದವರ ಕಿವಿ ಕೂಡ ಎಲ್ಲೂ ತಡವರಿಸದೆ ಬಾಗುತ್ತದೆ.